ಪೊರಕೆಗುಡ್ಡದ ಬೇಲಿಮಾತು

ಅಮ್ಮ ಶೆಫೀಲ್ಡಿಗೆ ಬಂದ ಮೂರನೇ ದಿನಕ್ಕೇ ನಮ್ಮ ಬಡಾವಣೆಗೆ ಹೊಸ ನಾಮಕರಣವಾಯಿತು. ಸಾಗರದಿಂದ ಚಿಕ್ಕಮ್ಮ ಫೋನ್ ಮಾಡಿ, 'ಎಲ್ಲಿದ್ದೀಯೇ ಈಗ?' ಅಂದಳು. ಅಮ್ಮ ಹೇಳಿದಳು: 'ಬ್ರೂಮ್‌ಹಿಲ್ ಅಂತೆ. ಬ್ರೂಮ್ ಅಂದ್ರೆ ಪೊರಕೆ, ಹಿಲ್ ಅಂದ್ರೆ ಗುಡ್ಡ. ಪೊರಕೆಗುಡ್ಡ ಅಂತ ಬರ್ಕೋ.' ಆ ಕಡೆಯಿಂದ ಚಿಕ್ಕಮ್ಮನ ನಗು ನನ್ನ ಅಡುಗೆಮನೆವರೆಗೂ ಕೇಳಿತು. 'ಅಷ್ಟು ಓದ್ಸಿ ಪೊರಕೆಗುಡ್ಡಕ್ಕೆ ಕಳ್ಸಿದ್ಯನೇ ಮಗನ್ನ?'

ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ದಿನಾ ಬಸ್ಸಿನಲ್ಲಿ ಕೂತು ನೋಡಿದ ಹೆಸರು. ಅದರೊಳಗೊಂದು ಪೊರಕೆ ಇದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಪರಭಾಷೆಯ ಊರಹೆಸರು ಹಾಗೇ, ಬರೀ ಸದ್ದಾಗಿ ಕಿವಿಗೆ ಬಿದ್ದು ಹೋಗಿಬಿಡುತ್ತದೆ.

ಈ ಸುದ್ದಿಯನ್ನು ಮೊದಲು ದಾಟಿಸಿದ್ದು ಬೇಲಿಯಾಚೆಯ ಅಜ್ಜನಿಗೆ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಹಲಗೆಬೇಲಿ. ಯಾವುದೋ ಗಾಳಿಗೆ ಒಂದು ಹಲಗೆ ಹಾರಿಹೋಗಿದೆ. ಹಾಕಿಸಬೇಕಾದ್ದು ಅವರೋ ನಾನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಕಿಂಡಿಯೇ ಈಗ ನಮ್ಮ ಹರಟೆಕಟ್ಟೆ. ಅಜ್ಜನಿಗೆ ಎಂಬತ್ತರ ಹತ್ತಿರ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ನಿವೃತ್ತರಾದ ಮೇಲೆ ಊರಹೆಸರುಗಳ ಹುಚ್ಚು ಹತ್ತಿಸಿಕೊಂಡವರು. 'ಹೆಸರು ಹಿಡಿದು ಕರಿ' ಅನ್ನುತ್ತಾರೆ, ನನ್ನ ನಾಲಿಗೆ ತಿರುಗುವುದಿಲ್ಲ. ಅವರು ನನ್ನನ್ನು ಕರೆಯುವುದು 'ಲವ್' ಅಂತ. ಈ ಊರಲ್ಲಿ ಗಂಡಸು ಗಂಡಸನ್ನೇ ಹಾಗೆ ಕರೆಯುವುದು ಮಾಮೂಲು, ನಮ್ಮ ಕಡೆ ಮಾರಾಯ ಅಂದಹಾಗೆ. ಅಮ್ಮನಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಬೆವರು ಬಂತು.

ಇಂಗ್ಲಿಷಿನಲ್ಲಿ ನೀನು-ನೀವು ಭೇದವಿಲ್ಲ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ಹೇಳಿಕೊಟ್ಟವರು ಶೆಫೀಲ್ಡಿನ ಹಳಬರ ಮಾತು ಕೇಳಿಲ್ಲ. ಸಲಿಗೆ ಬೆಳೆದರೆ ಇವರು 'ಯೂ' ಬಿಟ್ಟು 'ದೀ', 'ದಾ' ಅಂತ ಏಕವಚನಕ್ಕೆ ಇಳಿಯುತ್ತಾರೆ. ಪಕ್ಕದ ಬಾರ್ನ್ಸ್‌ಲಿಯವರು ಶೆಫೀಲ್ಡಿನವರನ್ನು 'ದೀದಾಗಳು' ಎಂದು ಆಡಿಕೊಳ್ಳುವುದು ಅದಕ್ಕೇ. ಹಾಗಾಗಿ ಅಜ್ಜನ ಮಾತನ್ನು ನಾನಿಲ್ಲಿ ಏಕವಚನದಲ್ಲಿ ಬರೆದರೆ ಅವಮಾನವೇನಲ್ಲ.

ಪೊರಕೆಗುಡ್ಡದ ವಿಷಯ ಕೇಳಿ ಅಜ್ಜ ನಗಲಿಲ್ಲ. ಹಿತ್ತಲ ಮೂಲೆಗೆ ಹೋಗಿ ಒಂದು ಟೊಂಗೆ ಮುರಿದು ತಂದು ಕಿಂಡಿಯಿಂದ ಚಾಚಿದರು. 'ನಿನ್ನಮ್ಮನಿಗೆ ಕೊಡು. ಇದೇ ಬ್ರೂಮ್.'

ಮೇ ತಿಂಗಳು. ಟೊಂಗೆ ತುಂಬ ಹಳದಿ ಹೂವು, ನಮ್ಮ ಅಪ್ಸೆಣಬಿನದೇ ಜಾತಿ ಅನ್ನಬೇಕು, ಅದೇ ಅವರೆಹೂವಿನ ಆಕಾರ. ಎಲೆ ಅನ್ನುವುದು ಹೆಸರಿಗಷ್ಟೇ. ಉದ್ದುದ್ದ ಹಸಿರು ಕಡ್ಡಿಗಳು, ಬೆರಳಲ್ಲಿ ಹೊರಳಿಸಿದರೆ ಏಣೇಣು ಸಿಗುತ್ತವೆ, ಬಗ್ಗಿಸಿದರೆ ಮುರಿಯುವುದಿಲ್ಲ. ಅಮ್ಮ ಹೂವು ನೋಡಲೇ ಇಲ್ಲ. ಕಡ್ಡಿಗಳನ್ನೆಲ್ಲ ಒಟ್ಟು ಮಾಡಿ ಹಿಡಿದು, ಬುಡವನ್ನು ಅಂಗೈಗೆ ಎರಡು ಸಲ ಕುಟ್ಟಿ ಸಮ ಮಾಡಿ, ಬೇಲಿಯ ಬುಡದಲ್ಲಿ ಬಿದ್ದ ತರಗನ್ನು ಸರ್ರನೆ ಗುಡಿಸಿ ತೀರ್ಪು ಕೊಟ್ಟಳು: 'ಅಂಗಳಕ್ಕೆ ಆಗ್ತದೆ. ಒಳಗೆ ಗುಡ್ಸೋಕೆ ಆಗಲ್ಲ. ಹಂಚಿಕಡ್ಡಿ ಆದ್ರೆ ಎರಡಕ್ಕೂ ಸೈ.' ನಾನು ಅನುವಾದಿಸಿದೆ. ಅಜ್ಜ ತಲೆದೂಗಿದರು. ಈ ಊರಲ್ಲೂ ಅದು ಅಂಗಳದ್ದೇ ಅಂತೆ.

'ಆದರೆ ನಿನ್ನಮ್ಮ ಅರ್ಥ ಮಾಡಿದ್ದು ತಿರುಗುಮುರುಗು,' ಅಂದರು. 'ಪೊರಕೆಯಿಂದ ಗಿಡಕ್ಕೆ ಹೆಸರು ಬಂದದ್ದಲ್ಲ, ಗಿಡದಿಂದ ಪೊರಕೆಗೆ. ಹಳೆಯ ಇಂಗ್ಲಿಷಿನಲ್ಲಿ ಬ್ರೋಮ್ ಅಂದರೆ ಈ ಗಿಡ ಮಾತ್ರ. ಗುಡಿಸುವ ಸಾಮಾನಿಗೆ ಬೀಸಮ್ ಅಂತ ಬೇರೆ ಹೆಸರಿತ್ತು. ಗಿಡದ ಕಡ್ಡಿ ಕಟ್ಟಿ ಕಟ್ಟಿ, ಗಿಡದ ಹೆಸರೇ ಸಾಮಾನಿಗೆ ಅಂಟಿತು.' ಈಗ ಪೇಟೆಯ ಪ್ಲಾಸ್ಟಿಕ್ ಪೊರಕೆಯೂ ಬ್ರೂಮೇ. 1154ರಿಂದ 1485ರವರೆಗೆ ಈ ದೇಶ ಆಳಿದ ಪ್ಲಾಂಟಾಜೆನೆಟ್ ವಂಶದ ಹೆಸರಿನಲ್ಲೂ ಇದೇ ಗಿಡ. ಮೂಲಪುರುಷ ಆಂಜೂವಿನ ಜೆಫ್ರಿ ಟೋಪಿಗೆ ಬ್ರೂಮಿನ ಟೊಂಗೆ ಸಿಕ್ಕಿಸಿಕೊಳ್ಳುತ್ತಿದ್ದನಂತೆ. ಲ್ಯಾಟಿನ್ನಿನ ಪ್ಲಾಂಟಾ ಜೆನಿಸ್ಟಾ ಅಂದರೆ ಬ್ರೂಮ್ ಗಿಡ. ಅಮ್ಮನಿಗೆ ಹೇಳಿದೆ. 'ಪೊರಕೆ ವಂಶ!' ಅಂದಳು. ಬ್ರಿಟಿಷರ ಮೇಲೆ ಅವಳ ಅಪ್ಪನ ಕಾಲದಿಂದ ಇದ್ದ ಸಿಟ್ಟು ಸ್ವಲ್ಪ ಇಳಿದಹಾಗೆ ಕಂಡಿತು.

ಈ ಗಿಡಕ್ಕೆ ಬಿಸಿಲು ಬೇಕು. ದಟ್ಟ ಕಾಡಿನ ನೆರಳಲ್ಲಿ ಬ್ರೂಮ್ ಬದುಕುವುದಿಲ್ಲ. ಅಂದರೆ ಈ ಗುಡ್ಡಕ್ಕೆ ಯಾರೋ ಬ್ರೂಮ್‌ಹಿಲ್ ಅಂದ ಹೊತ್ತಿಗೆ ಇಲ್ಲಿನ ಮರ ಹೋಗಿ ಬೋಳಾಗಿತ್ತು. ಬರ್ಮಿಂಗ್‌ಹ್ಯಾಮ್ ಪಕ್ಕದ ವೆಸ್ಟ್ ಬ್ರಾಮಿಚ್ಚಿಗೂ ಲೀಡ್ಸಿನ ಬ್ರಾಮ್ಲಿಗೂ ಇದೇ ಜಾತಕ, ಎರಡರಲ್ಲೂ ಬ್ರೂಮ್ ಗಿಡ. ಬ್ರಾಮ್ಲಿಯ ಕೊನೆಯ 'ಲಿ' ಇದೆಯಲ್ಲ, ಅಜ್ಜನ ಹುಚ್ಚು ಇರುವುದೇ ಅಲ್ಲಿ.

ಇಂಗ್ಲೆಂಡಿನ ನಕ್ಷೆ ತೆರೆದು ಎಲ್ಲಿ ಬೆರಳಿಟ್ಟರೂ ಒಂದು 'ಲಿ' ಸಿಗುತ್ತದೆ. ನಮ್ಮ ಸುತ್ತಲೇ ಹೀಲಿ, ವಾಕ್ಲಿ, ಟೋಟ್ಲಿ, ವಾಡ್ಸ್‌ಲಿ, ರಾಬಿನ್ ಹುಡ್ ಹುಟ್ಟಿದ್ದು ಎಂದು ಜನ ಹೇಳುವ ಲಾಕ್ಸ್‌ಲಿ. ಎಲ್ಲವೂ 'ಲೇಅಹ್' ಎಂಬ ಹಳೆಯ ಶಬ್ದದ ಸವೆದ ರೂಪ. ಲೇಅಹ್ ಅಂದರೆ ಮೊದಲು ಕಾಡು, ಆಮೇಲೆ ಕಾಡಿನ ನಡುವೆ ಮರ ಸವರಿ ತೆರವಾದ ಜಾಗ, ಕೊನೆಗೆ ಬರೀ ಹುಲ್ಲುಗಾವಲು. ಬರ್ಮಿಂಗ್‌ಹ್ಯಾಮಿನಲ್ಲಿ ಬದುಕಿ 2009ರಲ್ಲಿ ತೀರಿಕೊಂಡ ಮಾರ್ಗರೆಟ್ ಗೆಲ್ಲಿಂಗ್ ಇಂಥ ಹೆಸರುಗಳ ಮೇಲೆ ಜೀವ ತೇದವರು. 1984ರಲ್ಲಿ ಬಂದ ಅವರ ಪುಸ್ತಕದ ಒಂದು ಪ್ರತಿ ಅಜ್ಜನ ಮನೆಯಲ್ಲಿದೆ, ರಟ್ಟು ಕಿತ್ತುಹೋಗಿದೆ. 'ನಟ್ಟ ನಡುಕಾಡಲ್ಲಿ ಇರುವವನು ಕಾಡಿಗೆ ಹೆಸರಿಡುವುದಿಲ್ಲ ಲವ್,' ಅಂದರು ಅಜ್ಜ. 'ಎಲ್ಲಿ ಬೆಳಕು ಬಿತ್ತೋ ಅಲ್ಲಿಗೆ ಇಡುತ್ತಾನೆ. ಹೆಸರಲ್ಲಿ ಲಿ ಗುಂಪು ಗುಂಪಾಗಿ ಕಂಡರೆ ಸುತ್ತ ಕಾಡಿತ್ತು ಅಂತಲೇ ಲೆಕ್ಕ.'

ಆ ಶಬ್ದದ ಬುಡ ಹುಡುಕಲು ರಾತ್ರಿ ನಾನು ನಿಘಂಟು ತೆರೆದು ಕೂತೆ. ಲ್ಯಾಟಿನ್ನಿನಲ್ಲಿ ಅದರ ದಾಯಾದಿ ಲೂಕುಸ್, ದೇವರಬನ. ಲಿಥುವೇನಿಯದ ಮಾತಿನಲ್ಲಿ ಲೌಕಸ್, ಹೊಲ. ಸಂಸ್ಕೃತದಲ್ಲಿ ಯಾವುದು ಅಂತೀರಿ? ಲೋಕ! ಇಹಲೋಕ ಪರಲೋಕದ ಲೋಕವೇ. ಅದಕ್ಕೂ ಮೊದಲಿಗೆ ಇದ್ದ ಅರ್ಥ ತೆರವು, ಬಯಲು ಅಂತ.

ಬೆಳಿಗ್ಗೆ ಕಾಫಿ ಹಿಡಿದು ಕಿಂಡಿಯ ಹತ್ತಿರ ಹೋಗಿ ಹೇಳಿದೆ. ಆಮೇಲೆ ಮೂವರೂ ಸೇರಿ ನಕ್ಷೆಯನ್ನೇ ಕನ್ನಡಿಸಿದೆವು. ಹೀಲಿಯ 'ಹೀ' ಅಂದರೆ ಎತ್ತರದ್ದು, ಹಾಗಾದರೆ ಹೀಲಿ ಊರ್ಧ್ವಲೋಕ. ನಮ್ಮ ಊರ್ಧ್ವಲೋಕಕ್ಕೆ ಸಿಟಿ ಬಸ್ಸಿದೆ. ಬರ್ಮಿಂಗ್‌ಹ್ಯಾಮಿನ ಮೋಸ್ಲಿಯಲ್ಲಿ ಇರುವುದು ಇಲಿ, ಅದು ಮೂಷಕಲೋಕ. ಯಾರ್ಡ್ಲಿ? ಅಮ್ಮನ ಮುಖ ಅರಳಿತು. 'ನಮ್ಮ ಯಾರ್ಡ್ಲಿ ಪೌಡರ್?' ಅದೇ. ಆ ಮನೆತನದ ಹೆಸರಿನ ಅರ್ಥ ಕೋಲು, ಗಳು ಕಡಿಯುವ ಕಾಡು. ಇನ್ನು ಲೀಡ್ಸಿನ ಹೆಡಿಂಗ್ಲಿ, 2002ರಲ್ಲಿ ನಮ್ಮ ದ್ರಾವಿಡ್ 148 ಹೊಡೆದ ಮೈದಾನ, ಹೆಡ್ಡೆ ಎಂಬವನ ಕಡೆಯವರ ಲೋಕ. ಹೆಡ್ಡೆ ಅನ್ನುವುದನ್ನು ದಯವಿಟ್ಟು ಕನ್ನಡದಲ್ಲಿ ಓದಿಕೊಳ್ಳಬೇಡಿ.

ಎಲ್ಲ ಹೆಸರೂ ಹೀಗೆ ಬಗ್ಗುವುದಿಲ್ಲ. ಈ ಊರಿನ ಬೋಷೀಫ್ ಎಂಬಲ್ಲಿಗೆ ನಾನು ವರ್ಷಗಟ್ಟಲೆ ಅಕ್ಷರ ನೋಡಿ ಬೋಷೀಫ್ ಅಂತಲೇ ಅಂದೆ, ಬಸ್ಸಿನವರಿಗೆ ಅರ್ಥವಾಗಲೇ ಇಲ್ಲ. ಅನ್ನುವುದು ಬೀಚಿಫ್ ಅಂತೆ. ಮೂಲ ಫ್ರೆಂಚು, ಚಂದದ ಗುಡ್ಡತಲೆ ಎಂದರ್ಥ. ಬೀಚಿಯವರಿಗೆ ಗೊತ್ತಾಗಿದ್ದರೆ ಒಂದು 'ಫ್' ಸೇರಿಸಿಕೊಳ್ಳುತ್ತಿದ್ದರೋ ಏನೋ. ಶೆಫೀಲ್ಡಿನಲ್ಲಿ ಅತಿ ದುಬಾರಿ ಮನೆಗಳಿರುವ ಕಡೆಗಳಲ್ಲೊಂದು ಫುಲ್‌ವುಡ್. ಆ 'ಫುಲ್' ತುಂಬಿದ್ದಲ್ಲ, ಕೊಳಕಾದದ್ದು. ಕೆಸರುಕಾಡು ಅಂತಲೇ ಅದರ ಅರ್ಥ. ಆ ಕೆಸರಲ್ಲಿ ಒಂದು ಮನೆ ಕೊಳ್ಳುವ ಯೋಗ್ಯತೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಅದರಾಚೆಯ ಡೋರ್ ಅಂದರೆ ಬಾಗಿಲು. ಮರ್ಸಿಯಾ ಮತ್ತು ನಾರ್ತಂಬ್ರಿಯಾ ರಾಜ್ಯಗಳ ನಡುವಿನ ಗಡಿಬಾಗಿಲು, 829ರಲ್ಲಿ ನಾರ್ತಂಬ್ರಿಯದವರು ಎಗ್‌ಬರ್ಟ್ ರಾಜನಿಗೆ ತಲೆಬಾಗಿದ್ದು ಅಲ್ಲೇ. ನಮ್ಮ ಮುಳಬಾಗಿಲಿನ ನೆಂಟ.

ಶಬ್ದದ ಮುಖ ನೋಡಿ ಮೋಸಹೋಗುವುದು ನಾನೊಬ್ಬನೇ ಅಲ್ಲ, ಇಡೀ ಊರೇ ಮೋಸಹೋಗಿದೆ. ಶೆಫೀಲ್ಡ್ ವೆನ್ಸ್‌ಡೇ ಎಂಬ ಫುಟ್‌ಬಾಲ್ ತಂಡದ ಅಡ್ಡಹೆಸರು ಗೂಬೆಗಳು. ಅಂಗಿಯ ಮೇಲೆ ಗೂಬೆ, ಬಾವುಟದ ಮೇಲೆ ಗೂಬೆ. ಅಜ್ಜ ಕಟ್ಟಾ ಗೂಬೆ. ಅಮ್ಮನಿಗೆ ಇದು ಜೀರ್ಣವಾಗಲಿಲ್ಲ. 'ದುಡ್ಡು ಕೊಟ್ಟು ಹೋಗಿ ಗೂಬೆ ಅಂತ ಕರ್ಸ್ಕೊಳ್ತಾರಾ?' ಆದರೆ ಅಲ್ಲಿ ಗೂಬೆ ಇರಲೇ ಇಲ್ಲ. ತಂಡ 1899ರಲ್ಲಿ ಹೊಸ ಮೈದಾನಕ್ಕೆ ಹೋಯಿತು, ಆ ಜಾಗದ ಹೆಸರು ಔಲರ್ಟನ್. ಔಲರ್ ಎಂದರೆ ಈ ಕಡೆಯ ಆಡುಮಾತಿನಲ್ಲಿ ಆಲ್ಡರ್ ಮರ. ನಮ್ಮ ಹೊಳೆಮತ್ತಿಯ ಹಾಗೆ ನೀರಿನ ಬದಿಯಲ್ಲೇ ಬೆಳೆಯುವಂಥದ್ದು. ಅದರಿಂದ ಮರದ ಮೆಟ್ಟಿನ ಅಟ್ಟೆ ಮಾಡುತ್ತಿದ್ದರು. ಆಲ್ಡರ್ ಮರಗಳ ಹಳ್ಳಿ, ಅಷ್ಟೇ. ಜನಕ್ಕೆ ಮರ ಮರೆತುಹೋಯಿತು, ಔಲ್ ಎಂಬ ಸದ್ದು ಉಳಿಯಿತು, ಸದ್ದಿಗೆ ರೆಕ್ಕೆ ಬಂದು ಗೂಬೆಯಾಯಿತು. 1914ರಲ್ಲಿ ಮೈದಾನದ ಹೆಸರು ಹಿಲ್ಸ್‌ಬರೋ ಎಂದು ಬದಲಾದರೂ ಗೂಬೆ ಮಾತ್ರ ಹಾರಿಹೋಗಲಿಲ್ಲ. ಎದುರಾಳಿ ಶೆಫೀಲ್ಡ್ ಯುನೈಟೆಡ್ ತಂಡದ ಮೈದಾನ ಬ್ರಾಮಲ್ ಲೇನ್. ಬ್ರಾಮಲ್ ಮನೆತನದ ಹೆಸರಿನ ಬುಡದಲ್ಲಿ ಇರುವುದು ಮತ್ತೆ ನಮ್ಮ ಬ್ರೂಮ್. ಗೂಬೆ ತಂಡಕ್ಕೂ ಅದರ ಎದುರಾಳಿಗೂ ನಡೆಯುವ ಕಾಳಗ ನಿಜವಾಗಿ ನೋಡಿದರೆ ಆಲ್ಡರ್ ಮರಕ್ಕೂ ಪೊರಕೆಗಿಡಕ್ಕೂ. ಇದನ್ನು ಹೇಳಿದಾಗ ಅಜ್ಜ ಒಂದು ಕ್ಷಣ ಸುಮ್ಮನಾದರು. 'ಹೆಸರಿನ ವಿಷಯ ಸರಿ,' ಅಂದರು, 'ಆದರೂ ನಾನು ಗೂಬೆಯೇ.'

ನಗುವ ಹಕ್ಕು ನಮಗೂ ಇಲ್ಲ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರು ಅಂತ ನಾವು ಮಕ್ಕಳಿಗೆ ಇವತ್ತಿಗೂ ಹೇಳುತ್ತೇವೆ. ಬಲ್ಲಾಳ ಹುಟ್ಟುವುದಕ್ಕೂ ಇನ್ನೂರು ವರ್ಷಕ್ಕಿಂತ ಮೊದಲು, ಸುಮಾರು 890ರ ಬೇಗೂರಿನ ಕಲ್ಲಿನ ಮೇಲೆ ಬೆಂಗಳೂರು ಕಾಳಗದ ಮಾತಿದೆ. ಕಾಳು ಬೇಯುವ ಮೊದಲೇ ಊರಿತ್ತು. ಹೆಸರಿನ ಈಗಿನ ಮುಖ ನಂಬಬೇಡ, ಸಿಕ್ಕಿದ್ದರಲ್ಲಿ ಅತಿ ಹಳೆಯ ಬರವಣಿಗೆ ನೋಡು ಎಂಬುದು ಅಜ್ಜ ಪದೇಪದೇ ಹೇಳುವ ಸೂತ್ರ. ಅವರಿಗೆ 1086ರ ಕಂದಾಯ ದಫ್ತರ ಡೂಮ್ಸ್‌ಡೇ ಪುಸ್ತಕ, ನಮಗೆ ಶಾಸನ. ಅವರಿಗೆ 1923ರಲ್ಲಿ ಶುರುವಾದ ಇಂಗ್ಲಿಷ್ ಸ್ಥಳನಾಮ ಸಂಘ, ನಮಗೆ 'ಎಡೆಗಳು ಹೇಳುವ ಕಂನಾಡ ಕಥೆ' ಬರೆದ ಶಂಬಾ ಜೋಶಿಯವರು. ಅಂದಹಾಗೆ ಹುಣಸೂರು, ಹಲಸೂರು, ಅತ್ತಿಗುಪ್ಪೆ, ಮೂಡುಬಿದಿರೆ ಅಂತ ಮರ ಹಿಡಿದು ಹೆಸರಿಟ್ಟ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಆಮೇಲೆ ಪಂಡಿತರು ಬಂದು ಬಿದಿರೆಯನ್ನು ವೇಣುಪುರ ಮಾಡಿದ್ದು ಬೇರೆ ಮಾತು.

ಒಂದು ಭಾನುವಾರ ಸಂಜೆ ಅಜ್ಜ ಮತ್ತು ಅಮ್ಮನ ನಡುವೆ ಬೇಲಿಯ ಎರಡೂ ಕಡೆಯಿಂದ ಪಂದ್ಯವೇ ಶುರುವಾಯಿತು. ನಾನು ದುಭಾಷಿ. ಅಜ್ಜ ಒಂದು ಕಾಡಿನ ಹೆಸರು ಎಸೆಯುವುದು, ಅಮ್ಮ ಅದಕ್ಕೆ ಸರಿಯಾದ್ದು ಹುಡುಕಿ ವಾಪಸು ಎಸೆಯುವುದು. 'ಶಾ, ಸಣ್ಣ ಕಾಡು.' 'ಹಾಡಿ.' 'ಹೋಲ್ಟ್, ಒಂದೇ ಜಾತಿಯ ಮರ ಇರುವಂಥದ್ದು.' ಅಮ್ಮ ಯೋಚಿಸಿದಳು. 'ತೋಪು ಅನ್ನು. ಮಾವಿನತೋಪು.' 'ಹರ್ಸ್ಟ್, ಗುಡ್ಡದ ಮೇಲಿನ ಕಾಡು.' 'ಬೆಟ್ಟ. ನಮ್ಮ ಕಡೆ ಬೆಟ್ಟ ಅಂದ್ರೆ ಕಾಡೇ.' 'ಕಾರ್, ನೀರು ನಿಂತ ಕಾಡು, ವೈಕಿಂಗರು ತಂದ ಶಬ್ದ.' 'ಜೌಗು.' 'ಥ್ವೇಟ್, ಅದೂ ವೈಕಿಂಗರದ್ದೇ, ಕಡಿದು ತೆರವು ಮಾಡಿದ್ದು.' ಅಮ್ಮ ತಡವಿಲ್ಲದೆ: 'ಕುಮರಿ.'

ಆಮೇಲೆ ಅವಳ ಸರದಿ. ಕಾನು ಅಂದಳು. ಅಜ್ಜನ ಹತ್ತಿರ ಅದಕ್ಕೆ ಶಬ್ದವಿರಲಿಲ್ಲ. ಮಳೆಗಾಲ ಬೇಸಿಗೆ ಎರಡರಲ್ಲೂ ಹಸಿರಾಗಿರುವ, ಮಧ್ಯಾಹ್ನವೂ ಮಬ್ಬಾಗಿರುವ, ಒಳಗೊಂದು ದೇವರೂ ಮೆಣಸಿನ ಬಳ್ಳಿಯೂ ಒರತೆಯೂ ಇರುವ ಕಾಡನ್ನು ಇಂಗ್ಲಿಷಿನಲ್ಲಿ ಒಂದೇ ಮಾತಿನಲ್ಲಿ ಹೇಳುವುದು ಹೇಗೆ? ಸಿದ್ದಾಪುರದ ಕಡೆ ಕತ್ತಲೆಕಾನು ಅಂತಲೇ ಒಂದು ಜಾಗವಿದೆ ಎಂದೆ. 'ನೋಡು,' ಅಂದರು ಅಜ್ಜ, 'ಸುತ್ತ ಕತ್ತಲೆ ಇದ್ದಲ್ಲಿ ನಮ್ಮವರು ಬೆಳಕಿಗೆ ಹೆಸರಿಟ್ಟರು. ನಿಮ್ಮಲ್ಲಿ ಸುತ್ತ ಬೆಳಕಾದ ಮೇಲೆ ಯಾರೋ ಕತ್ತಲೆಗೆ ಇಟ್ಟಿರಬೇಕು.' ಬ್ಯಾಣಕ್ಕೂ ಹಕ್ಕಲಿಗೂ ಇರುವ ವ್ಯತ್ಯಾಸ ಅವರಿಗೆ ತಿಳಿಸಲು ನನ್ನಿಂದಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವತ್ತೇ ತಿಳಿದದ್ದು.

ಮಾರನೇ ವಾರ ಮೂವರೂ ಎಕ್ಲ್‌ಸಾಲ್ ಕಾಡಿಗೆ ಹೋದೆವು. ಊರೊಳಗೇ ಸುಮಾರು 350 ಎಕರೆ ಹಳೆಯ ಕಾಡು. 1600ಕ್ಕೂ ಮೊದಲಿನಿಂದ ಕಾಡಾಗಿಯೇ ಉಳಿದದ್ದಕ್ಕೆ ಇಂಗ್ಲೆಂಡಿನಲ್ಲಿ ಪ್ರಾಚೀನ ಕಾಡು ಅಂತ ಹೆಸರು, ಇದು ಆ ಪಟ್ಟಿಯದು. ನೀಲಿ ಬ್ಲೂಬೆಲ್ ಹೂವು ನೆಲಕ್ಕೆ ಹಾಸಿಬಿಟ್ಟಿತ್ತು. ಅಮ್ಮ ನಿಂತದ್ದು ಮಾತ್ರ ಒಂದು ಹೇಝಲ್ ಬುಡದ ಹತ್ತಿರ. ಒಂದೇ ಬುಡದಿಂದ ಹತ್ತಾರು ನೆಟ್ಟನೆ ಗಳುಗಳು. 'ಕೂಳೆ ಬಿಟ್ಟಿದಾರೆ,' ಅಂದಳು. ಕಬ್ಬು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವುದಕ್ಕೆ ಕೂಳೆ ಅನ್ನುತ್ತೇವಲ್ಲ, ಅದನ್ನೇ ಮರಕ್ಕೆ ಮಾಡಿದ್ದು. ಕೆಲವು ವರ್ಷಕ್ಕೊಮ್ಮೆ ಬುಡಸಮ ಕಡಿಯುವುದು, ಚಿಗುರು ಗಳುವಾಗುವವರೆಗೆ ದನ ಬಿಡದೆ ಕಾಯುವುದು. ಶೆಫೀಲ್ಡಿನ ಕಬ್ಬಿಣಕ್ಕೆ ಇದ್ದಿಲು, ಸೀಸ ಕರಗಿಸಲು ಒಣಗಿಸಿದ ಕಟ್ಟಿಗೆ, ಎಲ್ಲ ಇಂಥ ಕಾಡಿನಿಂದಲೇ. ಇಲ್ಲಿ ಸ್ಪ್ರಿಂಗ್ ವುಡ್ ಅಂತ ಹೆಸರಿನ ಕಾಡುಗಳು ಬೇಕಾದಷ್ಟಿವೆ. ನಾನು ವಸಂತವನ ಅಂದುಕೊಂಡಿದ್ದೆ. ಅಲ್ಲ, ಕೂಳೆಕಾಡು.

ಒಳಗೆ ಒಂದು ಕಲ್ಲಿದೆ. 1786ರ ಅಕ್ಟೋಬರ್ 11ರಂದು ತನ್ನ ಗುಡಿಸಲಿನಲ್ಲೇ ಸುಟ್ಟು ಸತ್ತ ಇದ್ದಿಲುಗಾರನ ಕಲ್ಲು. ಹೆಸರು ಜಾರ್ಜ್ ಯಾರ್ಡ್ಲಿ. ಅಮ್ಮ ಪೌಡರ್ ಡಬ್ಬಿಯ ನೆನಪಲ್ಲಿ 'ಅದೇ ಯಾರ್ಡ್ಲಿನಾ?' ಅಂದವಳು, ಸುದ್ದಿ ಕೇಳಿ ಸುಮ್ಮನಾದಳು. ಕಲ್ಲಿನ ಕೆಳಗೆ ಇನ್ನೂ ನಾಲ್ವರ ಹೆಸರಿದೆ, ಜೊತೆಗೆ ಅವರವರ ಕಸುಬು. ಒಬ್ಬ ಹೆಂಡದಂಗಡಿಯವನು, ಬ್ರೂಕ್‌ಶಾ. ಹಳ್ಳದ ಬದಿಯ ಹಾಡಿ. ಇನ್ನೊಬ್ಬ ಥಾಮಸ್ ಸ್ಮಿತ್. ಅಜ್ಜ ಬೆರಳಿಟ್ಟು ತೋರಿಸಿದರು: ಬೀಸಮ್ ಮಾಡುವವ. ಪೊರಕೆ ಕಟ್ಟುವವನು. ಸುಟ್ಟುಹೋದ ಗೆಳೆಯನಿಗೆ ಕಲ್ಲು ನಿಲ್ಲಿಸಿದವರಲ್ಲಿ ಒಬ್ಬ ಪೊರಕೆಯವನು. ಅಮ್ಮ ಚಪ್ಪಲಿ ಬಿಟ್ಟು ಕಲ್ಲಿಗೊಮ್ಮೆ ಕೈಮುಗಿದಳು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಾಪಸು ಬಂದ ಮೇಲೆ ಅಜ್ಜ ಒಂದು ನೋಟ್‌ಪುಸ್ತಕ ಹಿಡಿದು ಕಿಂಡಿಗೆ ಬಂದರು. ಊರಹೆಸರು ಹೋಗಲಿ, ನಿಮ್ಮ ಜಮೀನಿನ ತುಂಡುಗಳಿಗೆ ಹೆಸರಿಲ್ಲವೇ ಎಂದು ಅಮ್ಮನನ್ನು ಕೇಳು ಅಂದರು. ಅಮ್ಮ ನಿಂತಲ್ಲೇ ಹೇಳತೊಡಗಿದಳು. ನೇರಲಮಕ್ಕಿ, ಬೈನೆಹಕ್ಕಲು, ಮುರುಗಲಗುಂಡಿ, ಅತ್ತಿಕಟ್ಟೆ, ವಾಟೆಹಳ್ಳ, ಹೊನ್ನೆಬ್ಯಾಣ. ನೇರಲಮಕ್ಕಿಯಲ್ಲಿ ನೇರಲೆ ಮರ ಇಲ್ಲವಲ್ಲ ಎಂದೆ. 'ನಾ ಮದುವೆಯಾಗಿ ಬಂದಾಗ್ಲೇ ಇರ್ಲಿಲ್ಲ,' ಅಂದಳು. ಒಟ್ಟು ಹತ್ತೊಂಬತ್ತು ಹೆಸರು. ಆ ನೆಲದಲ್ಲೇ ಹುಟ್ಟಿ ಬೆಳೆದ ನನಗೆ ಅದರಲ್ಲಿ ಗೊತ್ತಿದ್ದದ್ದು ಆರು. ಪಹಣಿಯಲ್ಲಿ ಇರುವುದು ಸರ್ವೆ ನಂಬರ್ ಮಾತ್ರ. ಬ್ರೂಮ್‌ಹಿಲ್ಲಿನ ಒಬ್ಬ ಉಕ್ಕಿನ ಕೆಲಸಗಾರನ ನೋಟ್‌ಪುಸ್ತಕದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಕಾಗುಣಿತ ತಪ್ಪಾಗಿ, ನಮ್ಮ ಜಮೀನಿನ ಹೆಸರುಗಳು ಮೊದಲ ಸಲ ಬರವಣಿಗೆಗೆ ಇಳಿದವು. ನಿಮ್ಮ ಮನೆಯಲ್ಲೂ ಇಂಥ ಅಮ್ಮ ಇದ್ದರೆ ಇವತ್ತೇ ಕ್ಯಾಲೆಂಡರಿನ ಹಿಂದೆಯಾದರೂ ಬರೆದುಕೊಳ್ಳಿ.

ಅಮ್ಮ ಹೊರಡುವ ಮುಂಚಿನ ದಿನ, ಆ ಬ್ರೂಮ್ ಗಿಡ ಅಜ್ಜನ ಹಿತ್ತಲಲ್ಲಿ ಎಷ್ಟು ತಲೆಮಾರಿನಿಂದ ಇದೆ ಕೇಳು ಅಂದಳು. ಗುಡ್ಡಕ್ಕೆ ಹೆಸರು ಕೊಟ್ಟ ಗಿಡದ ಕೊನೆಯ ಕುಡಿ ಅಂತ ನಾನೂ ನಂಬಿದ್ದೆ. ನಾನು ನೋಡಿದ ಹಾಗೆ ಈ ಗುಡ್ಡದ ಮೇಲೆ ಇರುವುದು ಅದೊಂದೇ. ಅಜ್ಜ ಕಿವಿ ಕೆರೆದುಕೊಂಡರು. ಹೋದ ವರ್ಷ ಗಾರ್ಡನ್ ಸೆಂಟರಿನಿಂದ ತಂದದ್ದಂತೆ, ಹನ್ನೆರಡು ಪೌಂಡು.